ನಾಯಿ ಮೂರು ಕೆ.ಜಿ., ಖರ್ಚು ಮೂರು ಲಕ್ಷ!

ಗಂಜಾಂ: ಬೇಬಿ ಬೆಟ್ಟದ ದನಗಳ ಜಾತ್ರೆಯಾಗಲಿ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಾಗಲಿ, ಎತ್ತು ಕೊಳ್ಳಲು ಹೋದ ನಮ್ಮ ಕಡೆಯ ರೈತ ಸುಮ್ಮಸುಮ್ಮನೆ ದುಡ್ಡು ಬಿಚ್ಚುವವನಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಗೊರಸು ಮುಟ್ಟಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ.

ಅದೇ ಮನೆಯ ಹುಡುಗ ಮೊಬೈಲಿಗೆ ಬಂದ ಒಂದು ಫೋಟೋ ನೋಡಿ, ಅಂಗೈಯಗಲದ ನಾಯಿಮರಿಗೆ 25 ಸಾವಿರ ರೂಪಾಯಿ ಕಳಿಸಿಬಿಡುತ್ತಾನೆ! ಹಲ್ಲೂ ನೋಡಲಿಲ್ಲ, ಸುಳಿಯೂ ನೋಡಲಿಲ್ಲ. ‘ಎಷ್ಟು ಮುದ್ದಾಗದೆ ನೋಡಪ್ಪಾ’ ಅನ್ನುವುದೊಂದೇ ಪರೀಕ್ಷೆ.

ನಿಮಿಷಾಂಬ ದೇವಸ್ಥಾನಕ್ಕೆ ಬರುವ ಪಟ್ಟಣದ ಕಾರುಗಳ ಕಿಟಕಿಯಲ್ಲಿ ಈ ಪುಟಾಣಿ ಮುಖಗಳು ಇಣುಕುವುದು ಹೊಸದೇನಲ್ಲ. ಆದರೆ ಗಂಜಾಂ, ಪಟ್ಟಣ, ಪಾಂಡವಪುರದ ಕಡೆ ನಾಯಿ ಅಂದರೆ ಹಿಂದೆ ಬೇರೆಯೇ ಲೆಕ್ಕವಿತ್ತು. ಜಗಲಿ ಕೆಳಗೆ ಮಲಗುತ್ತಿತ್ತು. ಉಳಿದ ಮುದ್ದೆ ತಿನ್ನುತ್ತಿತ್ತು. ರಾತ್ರಿ ಹಟ್ಟಿ ಕಾಯುತ್ತಿತ್ತು. ಮನೆಯ ಜಮಾ–ಖರ್ಚಿನ ಪುಸ್ತಕದಲ್ಲಿ ನಾಯಿಯ ಹೆಸರಿಗೆ ಒಂದು ಸಾಲೂ ಇರುತ್ತಿರಲಿಲ್ಲ. ಈಗಿನ ಮೂರು ಕೆ.ಜಿ. ನಾಯಿಗೆ ಒಂದು ಪುಸ್ತಕವೇ ಬೇಕು!

ಸಿನಿಮಾ ತಂದ ಹುಚ್ಚು

ನಾಯಿ ಕೊಳ್ಳುವ ಗೀಳಿಗೂ ಪರದೆಗೂ ಹಳೆಯ ನಂಟು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಹಿಂದಿ ಚಿತ್ರದ ಬಿಳಿ ನಾಯಿ ಟಫಿ ಮನೆಮಾತಾಯಿತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಓಡುವ ಪಗ್ ನಾಯಿ ಬಂತು. ಆ ತಳಿಯ ನಿಜವಾದ ಹೆಸರೇ ಮರೆತು ಜನ ‘ಹಚ್ ನಾಯಿ’ ಎಂದೇ ಕರೆಯತೊಡಗಿದರು. 2022ರಲ್ಲಿ ರಕ್ಷಿತ್ ಶೆಟ್ಟಿಯವರ ‘777 ಚಾರ್ಲಿ’ ಬಂತು. ಅದರ ನಾಯಿ ಸಣ್ಣದಲ್ಲ, ಲ್ಯಾಬ್ರಡಾರ್. ದುಡ್ಡಿನಾಸೆಗೆ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ ದಂಧೆಯಿಂದ ನಾಯಿಗೆ ಏನು ಗತಿ ಬರುತ್ತದೆ ಎಂಬುದನ್ನು ಆ ಚಿತ್ರ ತೋರಿಸಿತು. ಜನ ಅತ್ತರು. ಅತ್ತು ಹೊರಬಂದವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ‘ನಮಗೂ ಒಂದು ನಾಯಿ ಬೇಕು’ ಎಂಬ ಹಟ ಶುರುವಾಯಿತು.

ಬಾಡಿಗೆ ಮನೆ, ಇಕ್ಕಟ್ಟಿನ ಹಜಾರ. ದೊಡ್ಡ ನಾಯಿಗೆ ಜಾಗವೆಲ್ಲಿ? ‘ಸಣ್ಣದೇ ತರೋಣ ಬಿಡು, ಖರ್ಚೂ ಕಮ್ಮಿ’ ಎನ್ನುತ್ತಾರೆ ಮನೆಯ ಯಜಮಾನರು. ಲೆಕ್ಕ ತಪ್ಪುವುದು ಇಲ್ಲಿಯೇ.

ಹೆಸರಿನಲ್ಲೇ ಕಿತಾಪತಿ

ನಮ್ಮಲ್ಲಿ ಬಿಳಿ ಕೂದಲಿನ ಚೂಪು ಮೂತಿ ನಾಯಿಗೆಲ್ಲ ಪೊಮೇರಿಯನ್ ಎನ್ನುವುದು ವಾಡಿಕೆ. ಅವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಸಣ್ಣ ಜಾತಿಯದೂ ಬೆಳೆದರೆ ಐದಾರು ಕೆ.ಜಿ. ತೂಗುತ್ತದೆ, ದೊಡ್ಡ ಜಾತಿಯದು ಹನ್ನೆರಡು ದಾಟುತ್ತದೆ. ಒಂದೂವರೆಯಿಂದ ಮೂರು ಕೆ.ಜಿ.ಯ ನಿಜವಾದ ಪೊಮೇರಿಯನ್ ಬೇರೆ. ಒಂದು ಕಾಲಕ್ಕೆ ಆ ತಳಿಯೂ ದೊಡ್ಡದೇ ಇತ್ತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯಿಂದ ಸಣ್ಣ ಪೊಮೇರಿಯನ್ ತಂದ ಮೇಲೆ ಸಣ್ಣದಕ್ಕೇ ಬೇಡಿಕೆ ಬಂತು, ತಳಿಯನ್ನು ಕುಗ್ಗಿಸುತ್ತಾ ಹೋದರು. ಮೆಕ್ಸಿಕೋ ಮೂಲದ ಚಿವಾವಾ ಇನ್ನೂ ಚಿಕ್ಕದು. ಮೂರು ಕೆ.ಜಿ. ಒಳಗೇ ಅದರ ಆಟ.

ಇನ್ನು ‘ಟೀ ಕಪ್’ ನಾಯಿ ಎಂಬುದು ಯಾವ ತಳಿಯೂ ಅಲ್ಲ. ಅದು ಮಾರುವವರು ಅಂಟಿಸಿದ ಚೀಟಿ. ಸೂಲಿನಲ್ಲಿ ಬಡಕಲಾಗಿ ಹುಟ್ಟಿದ ಮರಿಗಳನ್ನು ಆರಿಸಿ ಆರಿಸಿ ಕೂಡಿಸಿದರೆ ಇನ್ನೂ ಚಿಕ್ಕ ಮರಿ ಹುಟ್ಟುತ್ತದೆ. ಬಡಕಲುತನಕ್ಕೇ ಹೆಚ್ಚು ಬೆಲೆ!

ಇನ್ನೊಂದು ಕೈಚಳಕವೂ ಉಂಟು. ನಾಲ್ಕು ವಾರದ ಹಾಲುಮರಿಯನ್ನು ಎರಡು ತಿಂಗಳ ‘ಪುಟ್ಟ ತಳಿ’ ಎಂದು ಕೈಗೆ ಹಾಕುವುದು. ಮರಿ ಬೆಳೆದಾಗ ಗುಟ್ಟು ಬಯಲು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಕೊಳ್ಳುವವರು ನೋಂದಣಿ ಕೇಳಿದರೆ ತಪ್ಪೇನಿಲ್ಲ. ಕೇಳುವವರು ಯಾರು?

ಫೋನಿನಲ್ಲೇ ವ್ಯಾಪಾರ ಮುಗಿಸುವವರಿಗೆ ಮತ್ತೊಂದು ಗಂಡಾಂತರ. ಮುಂಗಡ ಕಳಿಸಿ ಎನ್ನುತ್ತಾರೆ, ಆಮೇಲೆ ಸಾಗಣೆ ಖರ್ಚು, ಬೋನಿನ ಖರ್ಚು, ವಿಮೆ. ಕೊನೆಗೆ ಫೋನು ಸ್ವಿಚ್ ಆಫ್. ನಾಯಿಯೂ ಇಲ್ಲ, ಕಾಸೂ ಇಲ್ಲ. ಹೀಗೆ ಮೋಸ ಹೋದವರು ನಾಚಿಕೊಂಡು ಕೂರದೆ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ.

ಚಿಕ್ಕದಕ್ಕೇ ಯಾಕೆ ದುಬಾರಿ?

ಊರ ನಾಯಿ ಒಂದು ಸೂಲಿಗೆ ಆರೇಳು ಮರಿ ಹಾಕುತ್ತದೆ. ಚಿವಾವಾದಂಥದ್ದು ಹಾಕುವುದು ಒಂದೋ ಎರಡೋ ಮೂರೋ. ತಾಯಿಯ ಸೊಂಟ ಕಿರಿದು, ಮರಿಯ ತಲೆ ದಪ್ಪ. ಎಷ್ಟೋ ಸಲ ಹೊಟ್ಟೆ ಕೊಯ್ದೇ ಮರಿ ತೆಗೆಯಬೇಕು. ಆ ಖರ್ಚೆಲ್ಲ ಮರಿಯ ಬೆಲೆಯ ಮೇಲೆ ಕೂರುತ್ತದೆ.

ಮನೆಗೆ ತಂದ ಮೇಲೆ ನಿಜವಾದ ಪಾಡು. ಅಂಗೈ ಮರಿಯ ಮೈಯಲ್ಲಿ ಸಕ್ಕರೆಯ ದಾಸ್ತಾನು ಕಮ್ಮಿ. ನಾಲ್ಕೈದು ಗಂಟೆಗೊಮ್ಮೆ ತಿನ್ನಿಸದಿದ್ದರೆ ಜೋಲಾಡಿ, ನಡುಗಿ, ಮೂರ್ಛೆ ಬೀಳುತ್ತದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಹೋಗಿ ರಾತ್ರಿ ಬರುವ ಮನೆಯಲ್ಲಿ ಇದು ಆಗುವ ಮಾತೇ?

ಹಲ್ಲಿನ ಸಂಗತಿ ಕೇಳಿ. ಬೆಳೆದ ನಾಯಿಗೆ 42 ಹಲ್ಲು. ಮುಧೋಳ ನಾಯಿಗೂ 42, ಮುಷ್ಟಿಗಾತ್ರದ ತಲೆಯ ಚಿವಾವಾಕ್ಕೂ 42! ಸಣ್ಣ ದವಡೆಯಲ್ಲಿ ಅಷ್ಟೊಂದು ಹಲ್ಲು ಒತ್ತರಿಸಿಕೊಂಡು, ಸಂದಿಯಲ್ಲಿ ಕೊಳೆ ಕಟ್ಟಿ, ಬೇಗ ಉದುರುತ್ತವೆ. ಹಲ್ಲು ತೊಳೆಸಬೇಕಾದರೆ ನಾಯಿಗೆ ಮತ್ತು ಬರಿಸಬೇಕು. ಅದಕ್ಕೆ ಮೈಸೂರಿಗೇ ಓಡಬೇಕು.

ಮಂಡಿಚಿಪ್ಪು ಜಾರುವುದು ಇವಕ್ಕೆ ಮಾಮೂಲು. ಸೋಫಾದಿಂದ ಹಾರಿದರೂ ಕಾಲು ಮುರಿಯಬಹುದು. ಗಂಟಲಿನ ಕೊಳವೆ ಎಳಸು, ಕುತ್ತಿಗೆಗೆ ಬೆಲ್ಟು ಕಟ್ಟಿ ಎಳೆಯುವಂತಿಲ್ಲ, ಎದೆಗೆ ಹಾಕುವ ಪಟ್ಟಿಯೇ ಆಗಬೇಕು. ಈರುಳ್ಳಿ ಹಾಕಿದ ಬಾಡಿನ ಸಾರು, ಪಾಯಸದ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟು ಎಲ್ಲವೂ ನಾಯಿಗೆ ವಿಷ. ದೊಡ್ಡ ನಾಯಿ ತಡೆದುಕೊಳ್ಳಬಹುದಾದ ತುಣುಕು ಸಣ್ಣದರ ಪ್ರಾಣಕ್ಕೇ ಬರುತ್ತದೆ.

ಹೊರಗೆ ಕಟ್ಟೋಣವೆಂದರೆ ಬೀದಿ ನಾಯಿಗಳ ಕಾಟ. ಚಿರತೆಯ ಭಯವೂ ಇಲ್ಲದಿಲ್ಲ. 2022ರಲ್ಲಿ ಕೆ.ಆರ್.ಎಸ್. ಬೃಂದಾವನದಲ್ಲೇ ಚಿರತೆ ಕಾಣಿಸಿಕೊಂಡು ಉದ್ಯಾನ ಮುಚ್ಚಿದ್ದನ್ನು ಈ ಕಡೆಯ ಜನ ಮರೆತಿಲ್ಲ. ಚಿರತೆಗೆ ನಾಯಿಯೆಂದರೆ ಪಂಚಪ್ರಾಣ.

ಅಂಗಡಿ ಲೆಕ್ಕ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ಮೂರು ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 60 ಗ್ರಾಂ ಒಣ ಆಹಾರ ಸಾಕು. ವರ್ಷಕ್ಕೆ 22 ಕೆ.ಜಿ. ಕೆ.ಜಿ.ಗೆ 500 ರೂ. ಎಂದು ಹಿಡಿದರೆ 11 ಸಾವಿರ. ಚುಚ್ಚುಮದ್ದು, ಜಂತುಹುಳದ ಔಷಧಿ, ಉಣ್ಣೆಯ ಔಷಧಿ ಎಲ್ಲಾ ಸೇರಿ ತಿಂಗಳಿಗೆ 500 ಎಂದರೆ 6 ಸಾವಿರ. ಉದ್ದ ಕೂದಲಿನ ತಳಿಗೆ ಎರಡು ತಿಂಗಳಿಗೊಮ್ಮೆ ಕ್ಷೌರ–ಸ್ನಾನಕ್ಕೆ 1,000 ಎಂದರೆ ಇನ್ನೊಂದು 6 ಸಾವಿರ. ವರ್ಷಕ್ಕೆ ಒಟ್ಟು 23 ಸಾವಿರ, ದಿನಕ್ಕೆ 63 ರೂ.

ಸಣ್ಣ ನಾಯಿಗೆ ಆಯಸ್ಸು ಜಾಸ್ತಿ. 14 ವರ್ಷವೆಂದು ಹಿಡಿಯಿರಿ: 3 ಲಕ್ಷ 22 ಸಾವಿರ! ಇದರಲ್ಲಿ ಕಾಯಿಲೆ ಇಲ್ಲ, ಆಪರೇಷನ್ ಇಲ್ಲ, ಮುಂದೆ ಏರುವ ಬೆಲೆಯೂ ಇಲ್ಲ. ಕೊಂಡ 25 ಸಾವಿರವನ್ನೂ ಸೇರಿಸಿದರೆ, ಒಟ್ಟು ಖರ್ಚಿನಲ್ಲಿ ಕೊಂಡ ಬೆಲೆ ರೂಪಾಯಿಗೆ ಏಳು ಪೈಸೆ ಮಾತ್ರ. ಮಿಕ್ಕ 93 ಪೈಸೆ ಆಮೇಲಿನದು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ?

ಮಳವಳ್ಳಿ ಕಡೆಯ ಬಂಡೂರು ಟಗರಿಗೆ ಎಷ್ಟೇ ಸುರಿದರೂ ಅದು ಮರಿಯ ರೂಪದಲ್ಲಿ ಬಂಡವಾಳ ವಾಪಸ್ ಕೊಡುತ್ತದೆ. ಹಳ್ಳಿಕಾರ್ ಎತ್ತು ಹೊಲ ಉಳುತ್ತದೆ. ಪುಟಾಣಿ ನಾಯಿ ಕೊಡುವುದು ಪ್ರೀತಿ. ಅದಕ್ಕೆ ಬೆಲೆ ಕಟ್ಟಲಾಗದು ನಿಜ, ಆದರೆ ಔಷಧಿ ಅಂಗಡಿಯವರು ಬಿಲ್ಲು ಕೊಟ್ಟೇ ಕೊಡುತ್ತಾರೆ.

ಒಂದು ಮಾತು ಗಮನದಲ್ಲಿರಲಿ. ಐದನೇ ಕ್ಲಾಸಿನ ಹುಡುಗ ಹಟ ಮಾಡಿ ತರಿಸಿದ ನಾಯಿ, ಅವನು ಡಿಗ್ರಿ ಮುಗಿಸಿ ಬೆಂಗಳೂರಿನ ಕೆಲಸಕ್ಕೆ ಹೋದ ಮೇಲೂ ಮನೆಯಲ್ಲೇ ಇರುತ್ತದೆ. ಆಗ ಅದರ ಉಚ್ಚೆ ಒರೆಸುವವರು ಅಮ್ಮ.

ಬಸ್ಸಿನಲ್ಲಿ ಅರ್ಧ ಟಿಕೆಟ್

ಕಾಯಿಲೆ ಬಂದರೆ ಮೈಸೂರಿಗೆ ಹೋಗಲು ಕಾರಿಲ್ಲದವರು ಕೆಂಪು ಬಸ್ಸನ್ನೇ ಹತ್ತಬೇಕು. ಮೊದಲು ಸಾಕುನಾಯಿಗೂ ಪೂರ್ತಿ ಟಿಕೆಟ್ ಇತ್ತು. 2022ರ ಕೊನೆಯಲ್ಲಿ ಕೆ.ಎಸ್.ಆರ್.ಟಿ.ಸಿ. ಅದನ್ನು ಅರ್ಧಕ್ಕೆ ಇಳಿಸಿತು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ನಾಯಿಗೆ ಪ್ರವೇಶವಿಲ್ಲ.

ಬ್ಯಾಗಿನೊಳಗೆ ಬಚ್ಚಿಟ್ಟರೆ ನಡೆದೀತು ಎನ್ನುವವರು 2024ರ ಮಾರ್ಚ್ ತಿಂಗಳ ಸಂಗತಿ ನೆನೆಯಬೇಕು. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ–ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಸೊನ್ನೆ. ಜೊತೆಗಿದ್ದ ನಾಲ್ಕು ಲವ್‌ಬರ್ಡ್ಸ್ ಹಕ್ಕಿಗಳಿಗೆ ತಲಾ 111ರಂತೆ 444 ರೂ.! ರೆಕ್ಕೆ ಇದ್ದವಕ್ಕೇ ಬಿಡದ ಕಂಡಕ್ಟರ್ ಬಾಲ ಇದ್ದವನ್ನು ಬಿಟ್ಟಾರೆಯೇ?

ಕಚ್ಚಿದರೆ ಸಣ್ಣದೂ ಒಂದೇ

‘ಇಷ್ಟಗಲದ ನಾಯಿ, ಕಚ್ಚಿದರೆ ಏನಾದಾತು’ ಎಂಬ ಉಡಾಫೆ ಬೇಡ. ಹುಚ್ಚುನಾಯಿ ರೋಗಕ್ಕೆ ನಾಯಿಯ ಗಾತ್ರ ಗೊತ್ತಿಲ್ಲ. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು ಹಾಕಿಸಿ, ಆಮೇಲೆ ವರ್ಷ ವರ್ಷ ತಪ್ಪದೆ ಹಾಕಿಸಬೇಕು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತಿ ಕೂರಬಾರದು.

ಮರಿಗಳ ಇನ್ನೊಂದು ಯಮ ಪಾರ್ವೊ. ವಾಂತಿ, ರಕ್ತಭೇದಿ ಶುರುವಾದರೆ ಎರಡು ಮೂರು ದಿನದಲ್ಲೇ ಮರಿ ಮುಗಿಯಬಹುದು. ಆರೆಂಟು ವಾರದಿಂದ ನಾಲ್ಕು ತಿಂಗಳವರೆಗೆ ಕಂತು ಕಂತಾಗಿ ಹಾಕುವ ಚುಚ್ಚುಮದ್ದೇ ಅದಕ್ಕೆ ತಡೆ. ‘ಎಲ್ಲಾ ಹಾಕ್ಸಿದೀನಿ ಸಾರ್’ ಎಂಬ ಮಾರುವವನ ಬಾಯಿಮಾತು ಸಾಲದು. ಡಾಕ್ಟರ ಸಹಿ, ದಿನಾಂಕ ಇರುವ ಕಾರ್ಡು ಕೈಗೆ ಬರಬೇಕು.

ಐವತ್ತು ರೂಪಾಯಿಯ ಬಾಬತ್ತು

ಇಷ್ಟೆಲ್ಲ ತಿಳಿಯದೆ ಕೊಂಡವರು ಏನು ಮಾಡುತ್ತಾರೆ? ಒಂದೆರಡು ವರ್ಷಕ್ಕೆ ಕೂದಲು ಉದುರುತ್ತದೆ, ಬಾಯಿ ನಾರುತ್ತದೆ, ಬಿಲ್ಲು ಏರುತ್ತದೆ. ಒಂದು ದಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಜನ ಸೇರುವ ಕಡೆ ಬಿಟ್ಟುಬರುತ್ತಾರೆ, ‘ಯಾರಾದ್ರೂ ಸಾಕ್ಕತಾರೆ ಬುಡು’ ಅಂತ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬದುಕುವ ವಿದ್ಯೆ ಗೊತ್ತು. ಮಡಿಲಲ್ಲಿ ಬೆಳೆದ ಮೂರು ಕೆ.ಜಿ.ಗೆ ರಸ್ತೆ ದಾಟಲೂ ಬರುವುದಿಲ್ಲ.

ಹಸಿವಿನಿಂದ ನರಳಲೆಂಬಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಕನಿಷ್ಠ 10 ರೂ., ಗರಿಷ್ಠ 50 ರೂ.! ದಶಕಗಳು ಕಳೆದರೂ ಅಂಕಿ ಅದೇ. ಕೊಳ್ಳಲು ಸಾವಿರ, ಸಾಕಲು ಲಕ್ಷ, ಎಸೆಯಲು ಮಾತ್ರ ಐವತ್ತು. ನಾಯಿಯ ಲೆಕ್ಕದ ಪುಸ್ತಕದಲ್ಲೆಲ್ಲ ಅಗ್ಗದ ಬಾಬತ್ತು ಇದೊಂದೇ ಆಗಿರುವುದು ನಾಚಿಕೆಗೇಡು.

ಸಾಕುವ ಮನಸ್ಸಿದ್ದವರಿಗೆ ದಾರಿ ಇಲ್ಲದಿಲ್ಲ. ಮರಿಯನ್ನು ತಾಯಿಯ ಜೊತೆ ಕಣ್ಣಾರೆ ನೋಡಿ, ನಡೆಸಿ ನೋಡಿ, ಬಾಯಿ ಬಿಡಿಸಿ ನೋಡಿ ಕೊಳ್ಳಲಿ. ದುಡ್ಡು ಕೊಡುವ ಮುಂಚೆ ಪಶುವೈದ್ಯರಿಗೆ ಒಮ್ಮೆ ತೋರಿಸಲಿ. ಕಾಯಿಲೆಗೆಂದು ತಿಂಗಳಿಗೆ ಐನೂರು ಬೇರೆ ಎತ್ತಿಡಲಿ. ಇಷ್ಟು ತ್ರಾಣ ಇಲ್ಲದವರಿಗೆ ಬೀದಿಯ ಕೊನೆಯಲ್ಲಿ ಊರ ನಾಯಿ ಮರಿ ಹಾಕಿರುತ್ತದೆ. ಕಾಸಿಲ್ಲದೆ ಸಿಗುತ್ತದೆ, ಮುದ್ದೆ ತಿನ್ನುತ್ತದೆ, ಈ ಹವೆಗೆ ಒಗ್ಗಿದೆ. ಚುಚ್ಚುಮದ್ದು ಹಾಕಿಸಿ, ಸಂತಾನಹರಣ ಮಾಡಿಸಿ, ಎರಡು ಹೊತ್ತು ಅನ್ನ ಹಾಕಿದರೆ ಬಾಗಿಲು ಕಾಯುತ್ತದೆ, ಬಾಲವನ್ನೂ ಆಡಿಸುತ್ತದೆ.