ನಿಲ್ಲೆಂದರೂ ನಿಲ್ಲದ ಎಂಜಿನು

ಮನೆಗೊಂದು ವಾಹನವೆಂಬುದು ಹಿಂದೆ ಸಿರಿವಂತರ ಮಾತಾಗಿದ್ದಿತು. ಈಗಲಾದರೋ ನಮ್ಮ ಮಾಂಬಳ್ಳಿಯಂತಹ ಊರುಗಳಲ್ಲಿಯೂ ಬಾಗಿಲ ಮುಂದೆ ಮೋಟಾರು ಸೈಕಲ್ಲೋ ಟ್ರ್ಯಾಕ್ಟರೋ ನಿಂತಿರುವುದು ಸಾಮಾನ್ಯವಾದ ನೋಟ. ಇವುಗಳನ್ನು ಹೊರಡಿಸುವ ಬಗೆಯನ್ನು ಎಲ್ಲರೂ ಕಲಿಯುತ್ತಾರೆ. ನಿಲ್ಲಿಸುವುದರಲ್ಲಿಯೂ ಕಲಿಯತಕ್ಕದ್ದುಂಟೆಂದು ನೆನೆಯುವವರು ವಿರಳ. ಬೀಗದ ಕೈಯನ್ನು ತಿರುಗಿಸಿ ತೆಗೆದ ಮೇಲೂ ಎಂಜಿನು ಓಡುತ್ತಲೇ ಇದ್ದರೆ ಮಾಡುವುದೇನು? ಕೇಳುವುದಕ್ಕೆ ವಿನೋದವಾಗಿ ತೋರುವ ಈ ಪ್ರಶ್ನೆಯು, ಅಂಗಳದಲ್ಲಿ ಮಕ್ಕಳಾಡುತ್ತಿರುವಾಗ ಪ್ರಾಣದ ಪ್ರಶ್ನೆಯೇ ಆಗಬಹುದು. ಆದಕಾರಣ ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಕುಂಬಾರನು ಕೋಲನ್ನು ತೆಗೆದ ಬಳಿಕವೂ ಚಕ್ರವು ಕೆಲವು ಸುತ್ತು ತಿರುಗುವುದೆಂದು ನಮ್ಮ ಶಾಸ್ತ್ರಕಾರರು ದೃಷ್ಟಾಂತ ಕೊಡುವುದುಂಟು. ಅದು ಹಿಂದಿನ ವೇಗದ ಫಲ. ಎಂಜಿನು ಕ್ಷಣಕಾಲ ತಿರುಗಿ ನಿಂತರೆ ಅದೂ ಇದೇ ಬಗೆಯದು, ದೋಷವಲ್ಲ. ಆದರೆ ಬಡಬಡನೆ ಸದ್ದು ಮಾಡುತ್ತ ಓಡುತ್ತಲೇ ಇದ್ದರೆ ಒಳಗೆ ದಹನವು ಇನ್ನೂ ನಡೆದಿದೆಯೆಂದು ತಿಳಿಯಬೇಕು. ದಹನಕ್ಕೆ ಬೇಕಾದುವು ಮೂರು: ಎಣ್ಣೆ, ಗಾಳಿ, ಶಾಖ. ಕಾರಣಗಳಲ್ಲಿ ಒಂದು ತಪ್ಪಿದರೂ ಕಾರ್ಯವು ಹುಟ್ಟದು. ಬೀಗದ ಕೈಯು ಈ ಮೂರರಲ್ಲಿ ಸಾಮಾನ್ಯವಾಗಿ ಒಂದನ್ನು ಮಾತ್ರ ತೆಗೆಯುತ್ತದೆ. ಅದು ನಿಜವಾಗಿ ಹೋಯಿತೆ, ಅದರ ಸ್ಥಾನದಲ್ಲಿ ಮತ್ತೊಂದು ಬಂದು ನಿಂತಿತೆ ಎಂದು ವಿಚಾರಿಸಿದರೆ ರೋಗವೂ ಮದ್ದೂ ಒಟ್ಟಿಗೆ ಗೊತ್ತಾಗುತ್ತವೆ.

ಮೊದಲು ಪೆಟ್ರೋಲಿನ ಎಂಜಿನು. ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಬೀಗದ ಕೈಯು ತೆಗೆಯುವುದು ವಿದ್ಯುತ್ತಿನ ಕಿಡಿಯನ್ನು. ನಿಲ್ಲಿಸಿದ ಮೇಲೂ ಎಂಜಿನು ಎಂದಿನಂತೆ ಸಮವಾಗಿ ಓಡುತ್ತಿದ್ದರೆ ಕಿಡಿಯು ನಿಂತಿಲ್ಲವೆಂದು ಅರ್ಥ. ಸ್ವಿಚ್ಚನ್ನೂ ತಂತಿಗಳನ್ನೂ ಪರೀಕ್ಷಿಸಬೇಕು. ಅದಿಲ್ಲದೆ ಕೆಮ್ಮುತ್ತ, ತೊಡರುತ್ತ, ಗಾಡಿಯನ್ನೆಲ್ಲ ನಡುಗಿಸುತ್ತ ಓಡಿದರೆ ಒಳಗೆ ಯಾವುದೋ ಭಾಗವು ಕೆಂಡವಾಗಿ, ಕಿಡಿಯ ಕೆಲಸವನ್ನು ತಾನೇ ಮಾಡುತ್ತಿದೆ. ಸಿಲಿಂಡರಿನಲ್ಲಿ ಕಟ್ಟಿದ ಮಸಿ, ರೇಡಿಯೇಟರಿನಲ್ಲಿ ನೀರಿನ ಕೊರತೆ, ನಿಂತಲ್ಲಿ ಓಡುವ ವೇಗವು ಮಿತಿಮೀರಿರುವುದು, ಎಂಜಿನಿಗೆ ತಕ್ಕದ್ದಲ್ಲದ ಪ್ಲಗ್ಗು, ಸೀಮೆಎಣ್ಣೆ ಬೆರೆತ ಪೆಟ್ರೋಲು, ಇವು ಇದರ ಕಾರಣಗಳು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ದಾರಿಯು ಇದಕ್ಕೆ ಒಳ್ಳೆಯ ಪರೀಕ್ಷೆ. ಸುಮಾರು 5,000 ಅಡಿಯೆತ್ತರದ ಆ ಸ್ಥಳಕ್ಕೆ ಏದುತ್ತ ಏರಿದ ಹಳೆಯ ಕಾರನ್ನು ಒಡನೆಯೇ ನಿಲ್ಲಿಸಿದರೆ, ಕಾದ ಎಂಜಿನು ಹಟ ಹಿಡಿಯಬಹುದು. ಅರ್ಧ ನಿಮಿಷವೋ ಒಂದು ನಿಮಿಷವೋ ಮೆಲ್ಲನೆ ಓಡಲು ಬಿಟ್ಟು, ತುಸು ಆರಿದ ಮೇಲೆ ನಿಲ್ಲಿಸುವುದು ಲೇಸು. ಆದರೂ ನಿಲ್ಲದಿದ್ದರೆ, ಬ್ರೇಕನ್ನು ಭದ್ರವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಎಂಜಿನು ಉಸಿರುಕಟ್ಟಿ ನಿಲ್ಲುವುದು. ಇಂಧನವನ್ನು ವಿದ್ಯುತ್ತಿನ ಹಿಡಿತದಲ್ಲಿ ಸಿಂಪಡಿಸುವ ಈಗಿನ ಗಾಡಿಗಳಲ್ಲಿ ಬೀಗದ ಕೈಯು ಕಿಡಿಯೊಡನೆ ಎಣ್ಣೆಯನ್ನೂ ನಿಲ್ಲಿಸುವುದರಿಂದ ಈ ಕಾಟವು ಬಹುಮಟ್ಟಿಗೆ ತಪ್ಪಿದೆ. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮವು ಬಂದಂದಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿಯೂ ಈ ಏರ್ಪಾಟೇ ರೂಢಿ. ಇನ್ನೊಂದು ಮಾತು: ಕಾರು ನಿಂತ ಮೇಲೆ ಒಳಗಿನ ಬೀಸಣಿಗೆಯು ಸ್ವಲ್ಪ ಹೊತ್ತು ತಿರುಗಿದರೆ ಹೆದರಬೇಕಾಗಿಲ್ಲ. ಅದು ಎಂಜಿನನ್ನು ತಣಿಸುವ ಉಪಾಯ.

ಇನ್ನು ಡೀಸೆಲ್ ಎಂಜಿನು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ನಡೆಸಿ ತೋರಿದ ಈ ಯಂತ್ರದಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದರ ಶಾಖವು 500 ಡಿಗ್ರಿಯನ್ನು ಮೀರುತ್ತದೆ. ಅದರಲ್ಲಿ ಸಿಂಪಡಿಸಿದ ಎಣ್ಣೆಯು ತಾನಾಗಿ ಹತ್ತಿಕೊಳ್ಳುತ್ತದೆ. ಆದುದರಿಂದ ಇಲ್ಲಿ ತೆಗೆಯತಕ್ಕದ್ದು ಎಣ್ಣೆಯನ್ನೇ. ಟ್ರ್ಯಾಕ್ಟರಿನ ನಿಲ್ಲಿಸುವ ಗುಂಡಿಯನ್ನೆಳೆದರೂ ಎಂಜಿನು ನಿಲ್ಲದಿದ್ದರೆ, ಅದರ ತಂತಿಯು ಕಳಚಿಯೋ ಸಡಿಲವಾಗಿಯೋ ಇರಬಹುದು. ಎಣ್ಣೆಯ ಪಂಪಿನ ಮೇಲಿರುವ ಸಣ್ಣ ಹಿಡಿಯನ್ನು ಕೈಯಿಂದಲೇ ಸರಿಸಿದರೆ ಯಂತ್ರವು ನಿಲ್ಲುವುದು. ಆ ಹಿಡಿಯೆಲ್ಲಿದೆಯೆಂದು ಇಂದೇ ಮೇಸ್ತ್ರಿಯಿಂದ ಕೇಳಿ ತಿಳಿದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಎಣ್ಣೆಯನ್ನು ನಿಲ್ಲಿಸಿದ ಮೇಲೂ ಎಂಜಿನಿನ ವೇಗವು ತಾನಾಗಿ ಏರುತ್ತ, ದಟ್ಟವಾದ ಹೊಗೆ ಕಾರತೊಡಗಿದರೆ ಅದು ತನ್ನ ಕೀಲೆಣ್ಣೆಯನ್ನೇ ಕುಡಿದು ಓಡುತ್ತಿದೆಯೆಂದು ತಿಳಿಯಬೇಕು. ಗಾಳಿ ಸೋಸುವ ಬಟ್ಟಲಿಗೆ ಗುರುತು ಮೀರಿ ಎಣ್ಣೆ ತುಂಬುವುದು, ಎಂಜಿನಿನೊಳಗೆ ಎಣ್ಣೆ ಹೆಚ್ಚಾಗುವುದು, ಟರ್ಬೋ ಎಂಬ ಭಾಗವು ಸವೆದು ಎಣ್ಣೆ ಸೋರುವುದು, ಇವು ಮೂಲಗಳು. ಇಲ್ಲಿ ಬೀಗದ ಕೈಯೂ ಪಂಪಿನ ಹಿಡಿಯೂ ವ್ಯರ್ಥ. ಉಳಿದ ದಾರಿ ಗಾಳಿಯನ್ನು ತಡೆಯುವುದೊಂದೇ. ಗಾಳಿ ಹೋಗುವ ಬಾಯಿಗೆ ಹಲಗೆಯನ್ನು ಗಟ್ಟಿಯಾಗಿ ಒತ್ತಿ ಮುಚ್ಚಬೇಕು. ಅಂಗೈಯನ್ನೆಂದೂ ಒಡ್ಡಬಾರದು, ಸೆಳೆತವು ಅಂತಹುದು. ಹತ್ತಿರ ಹೋಗುವುದೇ ಅಪಾಯವಾಗಿದ್ದರೆ ಜನರನ್ನೆಲ್ಲ ದೂರ ಸರಿಸುವುದೇ ಜಾಣತನ. ಎಂಜಿನು ಸಿಡಿದರೆ ಮತ್ತೊಂದನ್ನು ಕೊಳ್ಳಬಹುದು, ಮನುಷ್ಯನನ್ನು ಕೊಳ್ಳಲಾದೀತೆ? ನಿಂತ ಬಳಿಕವೂ ಕಾರಣವನ್ನು ಕಂಡು ಸರಿಪಡಿಸುವವರೆಗೆ ಮತ್ತೆ ಅದನ್ನು ಹೊರಡಿಸಕೂಡದು.

ಭತ್ತದ ಗದ್ದೆ, ಹಿಪ್ಪುನೇರಳೆಯ ತೋಟಗಳ ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರನ್ನು ಒಬ್ಬನೇ ನಡೆಸುವುದಿಲ್ಲ. ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗನಿಗೆ, ನೆರೆಯವನಿಂದ ನೆರೆಯವನಿಗೆ ಅದು ಕೈಬದಲಾಗುತ್ತಿರುತ್ತದೆ. ಆದುದರಿಂದ ಈ ಅರಿವು ಮನೆಯ ಒಬ್ಬರಲ್ಲಿಯೇ ಉಳಿದರೆ ಸಾಲದು. ಎಣ್ಣೆ, ಗಾಳಿ, ಶಾಖ ಎಂಬ ಮೂರು ಮಾತುಗಳನ್ನು ಮನೆಮಂದಿಗೆಲ್ಲ ಕಲಿಸಿಟ್ಟರೆ, ಗಾಬರಿಯ ಗಳಿಗೆಯಲ್ಲಿ ಯಾರಾದರೊಬ್ಬರ ಬುದ್ಧಿಗೆ ಹೊಳೆದು ಕಾಪಾಡುವುದು.