ಹಸುವಿನ ಜ್ವರ, ಮರದ ತಿರುಳು

ಕನ್ನಡದಲ್ಲಿ ಉಣ್ಣೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರಿಗಳ ಮೈಮೇಲೆ ಬೆಳೆದು ಕಂಬಳಿಯಾಗುವ ಉಣ್ಣೆ ಒಂದು; ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ, ಎಂದರೆ ಉಣುಗು, ಇನ್ನೊಂದು. ಮೊದಲನೆಯದು ಮನೆಗೆ ಅನ್ನ ತರುತ್ತದೆ. ಎರಡನೆಯದು ಮನೆಯ ಅನ್ನವನ್ನೇ ಕಸಿಯಬಲ್ಲದು.

ಮಳೆ ಅಪರೂಪವಾದ ಈ ಬಯಲಿನಲ್ಲಿ ಶೇಂಗಾ ಬೆಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳಿಗೆ ಹಾಲೇ ಆಧಾರ. ಸಾಲ ಮಾಡಿ ತಂದ ಮಿಶ್ರತಳಿಯ ಹಸುವಿಗೆ ಒಂದು ದಿನ ವಿಪರೀತ ಜ್ವರ ಬರುತ್ತದೆ. ಭುಜದ ಮುಂದಿನ ಗ್ರಂಥಿ ಊದಿಕೊಳ್ಳುತ್ತದೆ. ಹಸು ಮೇವು ಬಿಡುತ್ತದೆ. ಇವು ಥೈಲೇರಿಯಾಸಿಸ್ ವ್ಯಾಧಿಯ ಲಕ್ಷಣಗಳು. ನಾಟಿ ದನಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ವಿದೇಶೀ ರಕ್ತ ಬೆರೆತ ಹಸುಗಳಿಗೆ ಇದು ಅನೇಕ ವೇಳೆ ಮಾರಕ.

ಇದಕ್ಕೆ ಕಾರಣ ಥೈಲೇರಿಯಾ ಅನ್ಯುಲೇಟ ಎಂಬ ಏಕಕೋಶಜೀವಿ. ಮಲೇರಿಯಾ ತರುವ ಪರೋಪಜೀವಿಯ ದೂರದ ನೆಂಟ. ಉಣುಗಿನ ಜೊಲ್ಲಿನೊಡನೆ ಹಸುವಿನ ದೇಹವನ್ನು ಸೇರಿ, ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೊಳಗೇ ಅದು ಬಿಡಾರ ಹೂಡುತ್ತದೆ. ಆ ಕಣಗಳು ಅರ್ಬುದದ ಕೋಶಗಳಂತೆ ಎಡೆಬಿಡದೆ ಇಬ್ಭಾಗವಾಗುವಂತೆ ಪ್ರೇರಿಸಿ, ಅವುಗಳೊಡನೆ ತಾನೂ ಹಂಚಿಹೋಗುತ್ತದೆ. ಮುಂದೆ ಕೆಂಪು ಕಣಗಳನ್ನೂ ಹೊಗುತ್ತದೆ.

ಇಂಥ ಶತ್ರುವನ್ನು ಕೊಲ್ಲುವುದೇಕೆ ಕಷ್ಟ? ಬ್ಯಾಕ್ಟೀರಿಯಗಳಿಗೆ ನಮ್ಮ ಕೋಶಗಳಿಗಿಲ್ಲದ ಗೋಡೆಯುಂಟು. ಪೆನಿಸಿಲಿನ್ ಆ ಗೋಡೆಯನ್ನು ಕೆಡಿಸುತ್ತದೆ. ಏಕಕೋಶಜೀವಿಯ ರಚನೆಯಾದರೋ ನಮ್ಮ ಕೋಶಗಳನ್ನೇ ಹೋಲುತ್ತದೆ. ಅದಕ್ಕೆ ವಿಷವಾದುದು ಹಸುವಿಗೂ ವಿಷವಾಗುವ ಸಂಭವ ಹೆಚ್ಚು. ಆದುದರಿಂದ ಎರಡರ ನಡುವಣ ಸಣ್ಣ ಭೇದವೊಂದನ್ನು ಹುಡುಕಬೇಕು.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಪರಿಚಿತವಾದ ಸ್ಥಳದಲ್ಲಿಯೇ ಆ ಭೇದವು ದೊರೆಯಿತು. ಕೋಶದ ಉಸಿರಾಟವೆಂದರೆ ಎಲೆಕ್ಟ್ರಾನುಗಳು ಒಂದು ಅಣುವಿನಿಂದ ಮತ್ತೊಂದಕ್ಕೆ ಕೈಬದಲಾಗುವ ಪ್ರವಾಹ. ಈ ಸರಪಳಿಯಲ್ಲಿ ಯುಬಿಕ್ವಿನೋನ್ ಎಂಬ ಅಣು ಹೊರೆಯಾಳಿನಂತೆ ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ಅದು ಬಂದು ಕೂರುವ ಸ್ಥಾನದಲ್ಲಿ ಅದರಂತೆಯೇ ಕಾಣುವ ಬೇರೊಂದು ಅಣುವನ್ನು ಕೂರಿಸಿದರೆ ಪ್ರವಾಹ ನಿಲ್ಲುತ್ತದೆ. ಪರೋಪಜೀವಿಯ ಪೀಠವೂ ಹಸುವಿನ ಪೀಠವೂ ತುಸು ಬೇರೆ. ಅದೇ ನಮಗೆ ಅನುಕೂಲ.

ಅಂಥ ಅಣುವಿನ ಸುಳಿವು ಸಿಕ್ಕಿದ್ದು ಮರದಲ್ಲಿ. ದಕ್ಷಿಣ ಅಮೆರಿಕದ ಲಪಾಚೊ ಮರದಲ್ಲಿ ಲಪಾಚಾಲ್ ಎಂಬ ಹಳದಿ ವಸ್ತುವಿದೆ. ನಮ್ಮ ತೇಗದ ತಿರುಳಿನಲ್ಲಿಯೂ ಅದುಂಟು. 1942ರಲ್ಲಿ ಜಾವಾ ಜಪಾನೀಯರ ವಶವಾಗಿ ಕ್ವಿನೈನಿಗೆ ಬರ ಬಂದಾಗ, ಹಾರ್ವರ್ಡಿನ ಲೂಯಿ ಫೀಸರ್ ಮತ್ತು ಸಂಗಡಿಗರು ಲಪಾಚಾಲಿನ ಜಾತಿಯ ನೂರಾರು ವಸ್ತುಗಳನ್ನು ಕೃತಕವಾಗಿ ತಯಾರಿಸಿದರು. ಬಾತುಕೋಳಿಗಳ ಮಲೇರಿಯಾದಲ್ಲಿ ಅವು ಗೆದ್ದವು, ಮನುಷ್ಯನಲ್ಲಿ ಸೋತವು. ಆದರೂ ಶ್ರಮ ವ್ಯರ್ಥವಾಗಲಿಲ್ಲ. ದಶಕಗಳ ಅನಂತರ ಆ ಕುಲದಿಂದಲೇ ಹಸುಗಳಿಗೆ ಬ್ಯುಪಾರ್ವಕ್ವೋನ್, ಮನುಷ್ಯರ ಮಲೇರಿಯಾಕ್ಕೆ ಅಟೋವಕ್ವೋನ್ ಬಂದವು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕೇವಲ 2.5 ಮಿಲಿಗ್ರಾಂ ಬ್ಯುಪಾರ್ವಕ್ವೋನ್, ರೋಗದ ಆರಂಭದಲ್ಲಿಯೇ ಕೊಟ್ಟರೆ, ಹಸುವನ್ನು ಉಳಿಸಬಲ್ಲದು.

ಮನೆಯ ಅರಿಸಿನ ಸಾಲದೇ ಎಂದು ವಾಚಕರು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಪದ್ಮನಾಭನ್ ಅವರ ತಂಡ ಇದನ್ನು ಮಲೇರಿಯಾದ ವಿಷಯದಲ್ಲಿ ಪರೀಕ್ಷಿಸಿತು. 2006ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಆರ್ಟೀಥರ್ ಮದ್ದನ್ನಷ್ಟೇ ಪಡೆದ ಇಲಿಗಳಲ್ಲಿ ರೋಗ ಮರುಕಳಿಸಿತು. ಅದರೊಡನೆ ಅರಿಸಿನದ ಕರ್ಕ್ಯುಮಿನ್ ಪಡೆದವು ಬದುಕಿದವು. ಆದರೆ ಇಲಿಯ ಗೆಲುವು ಮನುಷ್ಯನ ಗೆಲುವಲ್ಲ. ಮಲೇರಿಯಾದ ಫಲ ಥೈಲೇರಿಯಾಕ್ಕೆ ಪ್ರಮಾಣವೂ ಅಲ್ಲ. ಬಾತುಕೋಳಿಗಳು ಕಲಿಸಿದ ಪಾಠವೂ ಇದೇ. ಇದೇ ಸಂಸ್ಥೆಯ ಎರಡನೆಯ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಹುಡುಕಾಟ ಮುಗಿದಿಲ್ಲ. ಪರೋಪಜೀವಿಯ ಪೀಠದ ಆಕಾರ ಕೊಂಚ ಬದಲಾದರೆ ಬ್ಯುಪಾರ್ವಕ್ವೋನ್ ಅಲ್ಲಿ ಕೂರದು. ಇಂಥ ಪ್ರತಿರೋಧ ಟ್ಯುನೀಸಿಯ, ಇರಾನ್ ದೇಶಗಳಲ್ಲಿ ಕಂಡುಬಂದಿದೆ. ಹೊಸ ಮದ್ದು ಬರುವವರೆಗೆ ಇರುವ ಮದ್ದನ್ನು ಜೋಪಾನವಾಗಿ ಬಳಸಬೇಕು. ಹಸುವಿಗೆ ಜ್ವರ ಬಂದಾಗ ಭುಜದ ಮುಂದೆ ಕೈಯಾಡಿಸಿ ನೋಡಿ. ಗಂಟು ಸಿಕ್ಕಿದರೆ ಅರಿಸಿನ ಅರೆಯುತ್ತ ಎರಡು ದಿನ ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಆ ಎರಡು ದಿನಗಳಲ್ಲಿಯೇ ಹಸುವಿನ ಅಳಿವು ಉಳಿವು ಅಡಗಿರುತ್ತದೆ.