ಹಳೆ ಜಾವಾ, ಯೆಜ್ಡಿ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಇಷ್ಟು ನೋಡಿ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳು ಇನ್ನೂ ಹಲವರ ಮನೆಯಲ್ಲಿವೆ. ತಿಂಗಳುಗಟ್ಟಲೆ ನಿಂತ ಬೈಕ್ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ದೂರುವುದು ಕಾರ್ಬ್ಯುರೇಟರನ್ನೇ. ಆದರೆ ದೋಷ ಬೇರೆಡೆ ಇರಬಹುದು.

ಮೊದಲು ಪೆಟ್ರೋಲ್, ನಂತರ ಪ್ಲಗ್

ಕಾರ್ಬ್ಯುರೇಟರ್‌ಗೆ ಸೇರುವ ಪೈಪ್ ಬಿಚ್ಚಿ, ಪೆಟ್ರೋಲನ್ನು ಬಾಟಲಿಗೆ ಹಿಡಿಯಿರಿ. ತೊಟ್ಟಿಕ್ಕುತ್ತಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಅಥವಾ ಟ್ಯಾಪ್‌ನ ಫಿಲ್ಟರ್ ಕಟ್ಟಿಕೊಂಡಿರಬಹುದು. ಚೆಲ್ಲಿದ ಪೆಟ್ರೋಲ್ ಒರೆಸಿದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದು ನೋಡಿ. ಹಲವು ಕಿಕ್ ಬಳಿಕವೂ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ.

ಲಕ್ಷಣ ಏನು ಹೇಳುತ್ತದೆ?

* ಪೆಟ್ರೋಲ್ ಸೋರಿಕೆ: ಫ್ಲೋಟ್ ಸೂಜಿಯಲ್ಲಿ ಕಸ ಸಿಕ್ಕಿರಬಹುದು. ಫ್ಲೋಟ್ ಅಲುಗಾಡಿಸಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ.
* ಐಡಲ್‌ನಲ್ಲಿ ಆಫ್, ವೇಗದಲ್ಲಿ ಸರಿ: ಪೈಲಟ್ ಜೆಟ್ ಕಟ್ಟಿರಬಹುದು.
* ಪೂರ್ತಿ ಥ್ರಾಟಲ್‌ಗೆ ಮುಗ್ಗರಿಕೆ: ಮೇನ್ ಜೆಟ್ ನೋಡಿ.
* ಥ್ರಾಟಲ್ ಬಿಟ್ಟರೂ ಎಂಜಿನ್ ವೇಗ ಇಳಿಯದು: ಕೇಬಲ್ ಸಿಕ್ಕಿಕೊಂಡಿಲ್ಲವೆಂದರೆ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿರಬಹುದು.

ಕೊನೆಯದು ಅಪಾಯಕಾರಿ. ಈ ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಸಿಗುವುದೇ ಪೆಟ್ರೋಲ್ ಜೊತೆ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಸೀಜ್ ಆಗಬಹುದು. ಸರಿಪಡಿಸುವವರೆಗೆ ಓಡಿಸಬೇಡಿ.

ಜೆಟ್‌ಗೆ ತಂತಿ ಬೇಡ

ಹಿತ್ತಾಳೆಯ ಜೆಟ್‌ಗೆ ತಂತಿ ಚುಚ್ಚಿದರೆ ರಂಧ್ರ ದೊಡ್ಡದಾಗುತ್ತದೆ. ಆಮೇಲೆ ಯಾವ ಟ್ಯೂನಿಂಗ್‌ಗೂ ಬಗ್ಗದು. ಹಳೆಯ ಜಿಕೋವ್ ಕಾರ್ಬ್ಯುರೇಟರ್ ಹಾಳುಮಾಡಿಕೊಂಡರೆ ಮತ್ತೊಂದು ಹುಡುಕುವುದು ಸುಲಭವಲ್ಲ. ಕಾರ್ಬ್ ಕ್ಲೀನರ್ ಹಾಕಿ, ಗಾಳಿ ಊದಿಸಿದರೆ ಸಾಕು. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಕೆಲಸವನ್ನು ಬಯಲಲ್ಲಿ, ಎಂಜಿನ್ ತಣಿದ ಮೇಲೆ ಮಾಡಿ.

ಮತ್ತೆ ಕಟ್ಟದಿರಲು

ಈಗಿನ ಪೆಟ್ರೋಲ್‌ನಲ್ಲಿರುವ ಎಥೆನಾಲ್ ನೀರಿನಂಶ ಹೀರುತ್ತದೆ, ಹಳೆಯ ರಬ್ಬರ್ ಪೈಪ್‌ಗಳನ್ನೂ ಹಾಳು ಮಾಡಬಲ್ಲದು. ಕೆಲವು ವಾರ ಬೈಕ್ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಖಾಲಿ ಮಾಡಿ.

ಟ್ಯೂನಿಂಗ್ ವೇಳೆ ಒಂದು ಬಾರಿಗೆ ಒಂದನ್ನೇ ಬದಲಿಸಿ, ಸ್ವಲ್ಪ ದೂರ ಓಡಿಸಿ ಪ್ಲಗ್ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ.